ಆಮೆ ಮೆಚ್ಚಿದ ನೀರು

ನಿಂಬೆವ್ವ ಎರೆಹುಳವನ್ನು ಕಡ್ಡಿಯ ತುದಿಗೆ ಸುತ್ತಿ ಆಮೆಯ ಮೂತಿಯ ಮುಂದೆ ಹಿಡಿದಳು. ಅದು ಕತ್ತನ್ನು ಒಳಗೆಳೆದುಕೊಂಡಿತು. ಹುಳ ಜಾರಿ ಕಲ್ಲುಬಾನಿಯ ತಳಕ್ಕಿಳಿಯಿತು. ಅಲ್ಲಿ ಆಗಲೇ ನಿನ್ನೆಯ ಎರಡು ಹುಳ, ಮೊನ್ನೆಯ ಮೀನಿನ ಚೂರು ಬಿಳಿಚಿಕೊಂಡು ಬಿದ್ದಿದ್ದವು.

"ತಿನ್ನೋ ನನ್ನಪ್ಪಾ. ನಾಕು ದಿನಾ ಆತು, ಬಾಯೇ ತೆರದಿಲ್ಲಲ್ಲೋ."

"ನನಗ ಒಮ್ಮಿಯಾದ್ರೂ ಹಿಂಗ ರಮಿಸಿ ಉಣಸೀದೇನಬೇ?" ಕಟ್ಟೆಯ ಮೇಲೆ ಕೂತಿದ್ದ ಮಗಳು ಅಂಬುಬಾಯಿ ನಕ್ಕಳು. ಚೊಚ್ಚಲ ಹೆರಿಗೆಗೆ ತವರಿಗೆ ಬಂದವಳು. ದಿನ ತುಂಬಿದ್ದವು. ಗಂಡ ಸತ್ತ ನಿಂಬೆವ್ವನಿಗೆ ಇದ್ದವಳು ಇವಳೊಬ್ಬಳೇ.

ಆಮೆಯ ಹೆಸರು ಶಾಣ್ಯಾ. ಅತ್ತೆಯ ಕಾಲದಿಂದಲೂ ಆ ಮನೆಯ ನೀರಿನ ಪಂಚಾಯಿತಿ ಮಾಡುತ್ತಿದ್ದುದು ಅದೇ. ದಿನಾ ಬಾವಿಯಿಂದ ಸೇದಿದ ಮೊದಲ ಕೊಡ ಅದರ ಬಾನಿಗೆ. ಅದು ಕತ್ತು ಚಾಚಿ ತಿಂದರೆ ಎರಡನೆಯ ಕೊಡ ಮನೆಯ ಕುಡಿಯುವ ನೀರಿನ ಹರವಿಗೆ. 'ಆಮಿ ಒಲ್ಲದ ನೀರು ಮನಿಗಿ ಬ್ಯಾಡ' ಎಂದು ಅತ್ತೆ ಸಾಯುವಾಗಲೂ ಹೇಳಿ ಸತ್ತಿದ್ದಳು. ಮಟಕಿ ಊರಿನ ಜನ ಇದನ್ನು ಕಂಡು ನಗುತ್ತಿದ್ದರು. ನಿಂಬೆವ್ವ ಅವರ ನಗುವಿಗೆ ಸೊಪ್ಪು ಹಾಕಿದವಳಲ್ಲ. ಒಂದು ವರ್ಷ ಬಾವಿಯಲ್ಲಿ ನಾಯಿ ಬಿದ್ದು ಸತ್ತದ್ದು ಊರಿಗೆ ವಾಸನೆ ಬಡಿದ ಮೇಲೆ ಗೊತ್ತಾಯಿತು. ಶಾಣ್ಯಾನಿಗೆ ಎರಡು ದಿನ ಮೊದಲೇ ಗೊತ್ತಿತ್ತು.

ಈ ಸಲ ಬಾವಿಯಲ್ಲಿ ಬಿದ್ದದ್ದು ನಾಯಿಯಲ್ಲ, ಸರ್ಕಾರದ ದವಾ. ಆಳಂದದಿಂದ ಬಂದ ಸಫಾಯಿ ದರೋಗಾ ಜಹೀರುದ್ದೀನ ನೀರು ಶುದ್ಧವಾಗಲೆಂದು ಬಾಟಲಿಯ ಹರಳು ಸುರುವಿ ಹೋಗಿದ್ದ. ನೀರು ನೇರಳೆಹಣ್ಣು ಹಿಂಡಿದಂತಾಗಿತ್ತು. ಅಂದಿನಿಂದ ಶಾಣ್ಯಾ ಬಾಯಿ ಮುಚ್ಚಿದ. ಕಣ್ಣಿನ ಮೇಲೆ ಬಿಳಿಯ ಪೊರೆ ಬಂತು.

ನೀರು ನೋಡಲು ನಾಲ್ಕು ದಿನಗಳ ಮೇಲೆ ಮತ್ತೆ ಬಂದ ಜಹೀರುದ್ದೀನನನ್ನು ನಿಂಬೆವ್ವ ಅಂಗಳಕ್ಕೇ ಕರೆದು ಬಾನಿ ತೋರಿಸಿದಳು. ಅವನು ಬಗ್ಗಿ ನೋಡಿದ. ಪಾಪ, ಒಳ್ಳೆಯ ಮನುಷ್ಯ. ಸುಳ್ಳು ಹೇಳಲು ಬರಲಿಲ್ಲ.

"ಆಮಿಗಿ ಈ ದವಾ ಉರಿತದ್ರಿ ಅವ್ವಾರ. ಮನಷ್ಯಾರಿಗಿ ಏನೂ ಆಗಂಗಿಲ್ಲ."

"ಈ ಸಣ್ಣ ಜೀವಕ್ಕ ಉರಿಯೂದು, ನನ ಮಗಳ ಹೊಟ್ಟ್ಯಾಗಿನ ಸಣ್ಣ ಜೀವಕ್ಕ ಉರಿಯಂಗಿಲ್ಲೇನ್ರಿ?"

 ಜಹೀರುದ್ದೀನ ಬಾವಿಯ ನೀರನ್ನೇ ಒಂದು ಚೆಂಬು ತರಿಸಿ ಅವಳ ಎದುರಿಗೇ ಗಟಗಟ ಕುಡಿದ. "ಹಳ್ಳದ ಮ್ಯಾಲಿನ ಊರಾಗ ಪಟಕಿ ಎದ್ದದ್ರಿ. ವಾಂತಿ, ಭೇದಿ ಆಗಿ ಒಂದೇ ವಾರದಾಗ ಹನ್ನೊಂದು ಮಂದಿ ಹೋದ್ರು. ಬಾವಿ ನೀರೇ ಕುಡೀರಿ. ಹಳ್ಳದ ನೀರು ಮಾತ್ರ ಮುಟ್ಟಬ್ಯಾಡ್ರಿ, ನಿಮ್ಮ ಕಾಲ ಬೀಳ್ತೇನಿ."

"ಆಯ್ತು ಹೋಗ್ರಿ" ಎಂದಳು. ರಾತ್ರಿಯಿಡೀ ಅವಳಿಗೆ ನಿದ್ದೆ ಹತ್ತಲಿಲ್ಲ. ದರೋಗಾ ಇಂದು ಬರುತ್ತಾನೆ, ನಾಳೆ ಹೋಗುತ್ತಾನೆ. ಶಾಣ್ಯಾ ಮೂರು ತಲೆಮಾರು ಕಂಡವನು. ಬೇರೆ ಬಾವಿಯಿಲ್ಲದೆ ಮಗಳು ಆ ನೇರಳೆ ನೀರನ್ನೇ ಕುಡಿಯುತ್ತಿದ್ದಳು. ನಿಂಬೆವ್ವನಿಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಬೆಳಿಗ್ಗೆ ಎದ್ದವಳೇ ಹಳ್ಳಕ್ಕೆ ಹೋದಳು. ಹರಿಯುವ ನೀರಿಗೆ ಮೈಲಿಗೆ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಬಾನಿ ತಿಕ್ಕಿ ತೊಳೆದು ಹಳ್ಳದ ನೀರು ತುಂಬಿದಳು. ಮಧ್ಯಾಹ್ನದ ಹೊತ್ತಿಗೆ ಶಾಣ್ಯಾ ಕಣ್ಣು ಬಿಟ್ಟ. ಕತ್ತು ಇಷ್ಟಿಷ್ಟೇ ಹೊರಗೆ ಬಂತು. ಹುಳ ಒಡ್ಡಿದಳು. ಗಬಕ್ಕನೆ ಹಿಡಿದ. ಇನ್ನೊಂದು. ಅದನ್ನೂ ನುಂಗಿ ಮತ್ತೆ ಬಾಯಿ ತೆರೆದ.

"ಅಂಬೂ, ತಿಂದಾ! ತಿಂದಾ ನೋಡಬೇ!" ನಿಂಬೆವ್ವನ ಕಣ್ಣಲ್ಲಿ ನೀರು ಬಂತು. ಹರವಿಯಲ್ಲಿದ್ದುದನ್ನೆಲ್ಲ ಅಂಗಳಕ್ಕೆ ಚೆಲ್ಲಿ, ಕೊಡದಲ್ಲಿ ಉಳಿದ ಹಳ್ಳದ ನೀರನ್ನು ಚೆಂಬಿಗೆ ಬಗ್ಗಿಸಿ ಮಗಳ ಕೈಗಿಟ್ಟಳು.

ಅಂಬುಬಾಯಿ ಕಣ್ಣು ಮುಚ್ಚಿ ಒಂದೇ ಉಸಿರಿಗೆ ಕುಡಿದಳು. "ಎಷ್ಟು ತಣ್ಣಗದಬೇ! ಸಿಹಿ ಅದ. ಇನ್ನಷ್ಟು ಕೊಡು."

ಕೊಡ ಬರಿದಾಗಿತ್ತು. "ತಡಿ, ಹಿಂಗ ಹೋಗಿ ಹಂಗ ಬರ್ತೇನಿ" ಎಂದು ನಿಂಬೆವ್ವ ಮತ್ತೆ ಹಳ್ಳಕ್ಕೆ ನಡೆದಳು. ಎಷ್ಟೋ ದಿನಗಳ ಮೇಲೆ ಅವಳ ಕಾಲುಗಳು ಹಗುರಾಗಿದ್ದವು.

ಹಳ್ಳದ ಮೇಲ್ದಂಡೆಯಲ್ಲಿ, ಮೇಲಿನ ಊರಿನ ಕಡೆಗೆ, ಮುಖ ಗುರುತು ಹತ್ತದಷ್ಟು ದೂರದಲ್ಲಿ, ಇಬ್ಬರು ಹೆಂಗಸರು ಹೊದೆಯುವ ಕೌದಿ ಒಗೆಯುತ್ತಿದ್ದರು. ಒಂದರ ಮೇಲೊಂದು ನಾಲ್ಕೈದು ಕೌದಿ, ಸೀರೆ, ಧೋತರ. ಯಾರದೋ ಮನೆಯಲ್ಲಿ ಹೆರಿಗೆಯಾಗಿರಬೇಕು ಅಂದುಕೊಂಡಳು. ತುಂಬಿದ ಬಸುರಿಯ ತಾಯಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ? ಅಲ್ಲಿಂದಲೇ ಕೈ ಎತ್ತಿ ಮುಗಿದಳು.

ನೀರು ತುಸು ಕದಡಿ ಬರುತ್ತಿತ್ತು. ಸೆರಗು ಸಿಕ್ಕಿಸಿಕೊಂಡು, ಕದಡು ಸರಿದು ಹೋಗಲೆಂದು ಮೊಣಕಾಲಮಟ ನೀರಿನಲ್ಲಿ ನಿಂತು ಕಾದಳು. ತಳದ ಮರಳು ಕಾಣುವಷ್ಟು ತಿಳಿಯಾದ ಮೇಲೆ ಕೊಡ ಬಾಗಿಸಿದಳು.