ಎಚ್ಚರವಾಗುವಷ್ಟು ಹೊತ್ತು

ಡಿಸ್ಕು ಟಕ್ ಎಂದಿತು. ತುಸು ಹೊತ್ತು ಗುಂಯ್ ಎಂದು ತಿರುಗಿ ಮತ್ತೆ ಟಕ್. ಫೋಟೋ ಸ್ಟುಡಿಯೋ ನಡೆಸುವ ಹೆಂಗಸು ಮೇಜಿನ ಆಚೆ ನಿಂತು, ಇದು ಹೀಗೇ ಸದ್ದು ಮಾಡುತ್ತದಾ ಎಂದು ಕೇಳಿದಳು. ಹಳೇ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ತುಂಬಿಸಿಕೊಂಡು ಹೋಗಲು ಡಿಸ್ಕು ಮಾರುವ ಕಂಪನಿಯ ಆಫೀಸಿಗೇ ಬಂದವಳು. ಅಲ್ಲಿ ಪ್ರೋಗ್ರಾಂ ಬರೆಯುವವಳು ಬಗ್ಗಿ ಡಿಸ್ಕಿನ ಮೇಲಿದ್ದ ಮಾದರಿಯ ಹೆಸರು ಓದಿದಳು.

ಕಂಪ್ಯೂಟರಿಗೂ ಡಿಸ್ಕಿಗೂ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಮಿಗೆ ಡ್ರೈವರ್ ಎನ್ನುತ್ತಾರೆ. ಅದನ್ನು ಬರೆಯುವುದು ಇವಳ ಕೆಲಸ. ಅವಳ ಅತ್ತೆ ಮಾತ್ರ ಸೊಸೆ ಯಾವುದೋ ವ್ಯಾನು ಓಡಿಸುತ್ತಾಳೆಂದೇ ಇವತ್ತಿಗೂ ನೆರೆಮನೆಯವರ ಮುಂದೆ ಹೇಳಿಕೊಳ್ಳುತ್ತಾರೆ. ಈ ಕಂಪನಿಯಲ್ಲಿ ಹೊಸ ಮಾದರಿಯ ಡಿಸ್ಕು ಬಂದಾಗಲೆಲ್ಲ ಯಾರೋ ಪ್ರೋಗ್ರಾಮಿನ ಹಿಂದಿನ ಸಾಲುಗಳನ್ನೇ ನಕಲು ಮಾಡಿ ಕೆಳಗೆ ಅಂಟಿಸಿದ್ದರು. ಡಿಸ್ಕನ್ನು ಎಬ್ಬಿಸು, ಸಿದ್ಧವಾ ಕೇಳು, ಅಲ್ಲವೆಂದರೆ ಮತ್ತೆ ಎಬ್ಬಿಸು. ಎಲ್ಲಿ ನೋಡಿದರೂ ಇದೇ. ತಲೆ ಚಿಟ್ಟುಹಿಡಿದು, ಅವಳು ಎಲ್ಲವನ್ನೂ ಸೇರಿಸಿ ಹೆಸರಿಟ್ಟ ಒಂದೇ ತುಣುಕು, ಅಂದರೆ ಒಂದೇ ಫಂಕ್ಷನ್ ಮಾಡಿದ್ದಳು. ಬೇಕಾದಾಗ ಅದನ್ನು ಕರೆದರೆ ಸಾಕು. ಮ್ಯಾನೇಜರ್ ಹೊಗಳಿದ್ದೇ ಹೊಗಳಿದ್ದು. ಹೊಸ ಡ್ರೈವರ್ ಇವತ್ತು ಸಂಜೆ ಎಲ್ಲ ಗಿರಾಕಿಗಳಿಗೂ ಹೋಗುವುದಿತ್ತು.

ಒಂದು ನಕಲಿನಲ್ಲಿ ಮಾತ್ರ, ತೀರ ಹಳೆಯ ಮಾದರಿಯದರಲ್ಲಿ, ಎಬ್ಬಿಸಿದ ಮೇಲೆ ಸುಮ್ಮನೆ ಕಾಯುವ ಸಾಲೊಂದಿತ್ತು. ಯಾಕೆಂದು ಯಾರೂ ಬರೆದಿರಲಿಲ್ಲ. ಯಾರದೋ ಸೋಮಾರಿತನವೆಂದು ಮೂಗು ಮುರಿದು ಅಳಿಸಿದ್ದಳು. ಪರೀಕ್ಷಿಸಿ ನೋಡಲು ಆ ಮಾದರಿಯ ಡಿಸ್ಕು ಆಫೀಸಿನಲ್ಲಿ ಉಳಿದೇ ಇರಲಿಲ್ಲ. ಈಗ ಅದೇ ಮಾದರಿ ಕಣ್ಣೆದುರು ಕೂತಿತ್ತು. ಪೂರ್ತಿ ಎಚ್ಚರವಾಗುವ ಮೊದಲೇ ಸಿದ್ಧವಾ ಎಂದು ಕೇಳಿ, ಉತ್ತರ ಬಾರದ್ದಕ್ಕೆ ಮತ್ತೆ ಮೊದಲಿನಿಂದ ಎಬ್ಬಿಸಿ, ಅವಳ ಫಂಕ್ಷನ್ ಆ ಮುದಿ ಡಿಸ್ಕಿನ ಪ್ರಾಣ ಹಿಂಡುತ್ತಿತ್ತು.

ಅವಳು ವೈರು ಕಿತ್ತಳು. ಹಳೇ ಪ್ರೋಗ್ರಾಮನ್ನೇ ಹಾಕಿ ನೋಡುತ್ತೇನೆ ಎಂದು ಬಾಯ್ತಪ್ಪಿ ಹೇಳಿಯೂಬಿಟ್ಟಳು.

"ನೋಡಿ ಮಾಡಿ," ಎಂದಳು ಸ್ಟುಡಿಯೋದಾಕೆ. "ನಮ್ಮಪ್ಪ ತೆಗೆದ ಫೋಟೋ ಎಲ್ಲಾ ಇದರಲ್ಲೇ ಇರೋದು. ಎರಡೆರಡು ಕಡೆ ಯಾಕೆ ಅಂತ ನೆಗೆಟಿವ್‌ಗಳನ್ನ ಸುಟ್ಟುಬಿಟ್ಟೆ."

ಹಳೆಯದನ್ನು ಹಾಕಿ ವೈರು ಚುಚ್ಚಿದಳು. ಡಿಸ್ಕು ಒಮ್ಮೆ ಕಿರ್ರೆಂದು ಸುಮ್ಮನಾಯಿತು. ಅವಳು ಕಿವಿಯಿಟ್ಟು ಕೇಳಿದಳು. ಒಳಗೆ ಏನೂ ತಿರುಗುತ್ತಿರಲಿಲ್ಲ. ಇನ್ನೊಮ್ಮೆ ಎಬ್ಬಿಸಲು ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದು ಹಿಂದೆ ನಿಂತಿದ್ದ. ಅವಳ ಕಿವಿಯ ಬಳಿ ಬಗ್ಗಿ, ಡಿಸ್ಕು ಹಳೇದು, ಇವತ್ತಲ್ಲ ನಾಳೆ ಹೋಗುವಂಥದ್ದೇ, ಹಾಗೆಂದು ಹೇಳಿ ಕಳಿಸು ಎಂದು ಪಿಸುಗುಟ್ಟಿದ. ಅವನು ಹೇಳಿದ್ದು ಸುಳ್ಳೂ ಅಲ್ಲ. ಅವಳಿಗೆ ಸಂಕಟವಾದದ್ದೇ ಅದಕ್ಕೆ. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು.

ಸ್ಟುಡಿಯೋದಾಕೆ ಇಬ್ಬರ ಮುಖವನ್ನೂ ನೋಡಿದಳು.

"ಮೊದಲೇ ಆ ಹಳೇ ಪ್ರೋಗ್ರಾಂ ಹಾಕಿದ್ರೆ ಇದು ಎದ್ದಿರ್ತಿತ್ತಾ?"

ಮ್ಯಾನೇಜರ್ ಕೆಮ್ಮಿದ.

"ಎದ್ದಿರ್ತಿತ್ತು," ಎಂದಳು ಇವಳು. "ಇದು ಏಳೋವರೆಗೂ ಕಾಯ್ಬೇಕಿತ್ತು. ಕಾಯೋದನ್ನ ನಾನೇ ತೆಗೆದುಹಾಕಿದೆ. ಬೇಡದ್ದು ಅಂದ್ಕೊಂಡೆ."

ಬೈಗುಳಕ್ಕೆ ಅವಳು ಸಿದ್ಧಳಾಗಿದ್ದಳು. ಬೈಗುಳ ಬರಲಿಲ್ಲ. ಮ್ಯಾನೇಜರ್ ರಿಪೇರಿಯವರ ಬಗ್ಗೆ, ಬಿಟ್ಟಿ ಹೊಸ ಡಿಸ್ಕಿನ ಬಗ್ಗೆ ಏನೇನೋ ಶುರುಮಾಡಿದ. ಸ್ಟುಡಿಯೋದಾಕೆ ಅತ್ತ ತಿರುಗಿಯೂ ನೋಡದೆ, ಇಂಥ ಡಿಸ್ಕು ಇನ್ನೂ ಯಾರ ಬಳಿಯಾದರೂ ಇದೆಯಾ ಎಂದು ಕೇಳಿದಳು. ಎಷ್ಟೋ ಜನರ ಬಳಿ ಇರಬಹುದು, ಸಂಜೆ ಅವರಿಗೆಲ್ಲ ಇದೇ ಪ್ರೋಗ್ರಾಂ ಹೋಗುತ್ತದೆ ಎಂದಳು ಇವಳು.

"ಹಾಗಾದ್ರೆ ಆ ಕಾಯೋದನ್ನ ವಾಪಸ್ ಹಾಕಿ. ಹಾಕೋವರೆಗೂ ನಾನು ಇಲ್ಲೇ ಕೂತಿರ್ತೀನಿ."

ಆಕೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತಳು. ಡಿಸ್ಕು ಇನ್ನೂ ಬೆಚ್ಚಗಿತ್ತು. ಅದನ್ನು ತೊಡೆಯ ಮೇಲಿಟ್ಟು, ಎರಡೂ ಅಂಗೈ ಮುಚ್ಚಿ, ತನಗೆ ಒಂದಕ್ಷರವೂ ತಿಳಿಯದ ಪರದೆಯನ್ನು ನೋಡತೊಡಗಿದಳು.