ತಿರುಗುವ ಜಾಗ

"ಎಲ್ಲಿಗ್ ಹೊರ್ಟ್ರಿ ಮಾಬ್ಲಣ್ಣ? ಎಷ್ಟೊತ್ತಿಗ್ ತಿರ್ಗಿ ಬತ್ರಿ?"

ಗುಲಾಬಿ ಹೀಗೆ ಕೇಳಿದ್ದೇ ತಡ, ದೋಣಿ ನೂಕುತ್ತಿದ್ದ ಸುಬ್ಬನ ಕೈ ಅಲ್ಲೇ ನಿಂತಿತು. ಸಮುದ್ರಕ್ಕೆ ಹೊರಟವರನ್ನು ಹಾಗೆ ಕೇಳುವ ರೂಢಿ ನಮ್ಮ ಕಡಲಕರೆಯಲ್ಲಿ ಇಲ್ಲ. ಎಲ್ಲಿಗೆ ಅನ್ನಬಾರದು, ಯಾವಾಗ ಬರುತ್ತೀರಿ ಅನ್ನಬಾರದು. ಸುಮ್ಮನೆ ನಿಂತು ಕಳಿಸಬೇಕು.

"ಎಂತ ಮಾರಾಯ್ತಿ, ಹೊರ್ಡುವತಿಗೆ ಹಂಗೆಲ್ಲ ಕೇಂಬುಕಾಗ ಅಂತ ಗೊತ್ತಿಲ್ಯಾ ನಿಂಗೆ?" ಎಂದು ಸುಬ್ಬ ರೇಗಿದ.

"ಗೊತ್ತಿತ್ತ್. ಅವತ್ತ್ ಕೇಣ್ಲಿಲ್ಲ ಅಲ್ದಾ? ಎಂತ ಆಯ್ತ್?"

ಇದನ್ನೆಲ್ಲ ನಾನು ಮಹಾಬಲನ ಚೀಲದೊಳಗೆ ಕೂತು ಕೇಳುತ್ತಿದ್ದೆ. ನಾನೊಂದು ರೀಲು. ಗಾಳಿಪಟದ ರೀಲು ಅಂದುಕೊಳ್ಳಬೇಡಿ. ನೀರಿನಡಿಯ ಗುಹೆಗೆ ಇಳಿಯುವವರು ನನ್ನ ಹೊಟ್ಟೆಯ ಬಿಳಿ ಹುರಿಯ ತುದಿಯನ್ನು ಗುಹೆಯ ಬಾಯಲ್ಲಿ ಕಟ್ಟಿ, ಬಿಚ್ಚುತ್ತ ಒಳಗೆ ಹೋಗುತ್ತಾರೆ. ಬರುವಾಗ ಅದೇ ಹುರಿ ಅವರ ದಾರಿ. ಕತ್ತಲೆಯಲ್ಲಿ, ಕೆಸರು ಎದ್ದಾಗ, ಕಣ್ಣಿನ ಕೆಲಸವನ್ನೆಲ್ಲ ನಾನೇ ಮಾಡಬೇಕು.

ನಾನು ಹುಟ್ಟಿದ್ದು ಲೋಬೊ ಮೇಸ್ತ್ರಿಯ ಲೇತಿನಲ್ಲಿ, ಒಡೆದ ದೋಣಿಯೊಂದರ ಹಿತ್ತಾಳೆಯಿಂದ. ಮಾಡಿಸಿದವರು ಫಿರೋಜ್ ಸರ್. ಊರಿನ ಹುಡುಗರಿಗೆ ಡೈವಿಂಗ್ ಕಲಿಸಲು ಮುಂಬೈಯಿಂದ ಬಂದವರು. ಲೋಬೊ ನನ್ನನ್ನು ಕೈಯಲ್ಲಿ ತೂಗಿ ನೋಡಿ, "ಇಷ್ಟು ಭಾರ ಹಿಡ್ಕೊಂಡು ಈಜ್ತೀರಾ ಸರ್? ಮನೆಯಲ್ಲಿ ಏನಾದ್ರೂ ಜಗಳವಾ?" ಎಂದು ಕೇಳಿ ನಕ್ಕಿದ್ದ. ನಾನು ಹುಟ್ಟಿದ ಗಳಿಗೆಯಲ್ಲಿ ಕೇಳಿದ ನಗು ಅದು. ಆಮೇಲೆ ಅಂಥ ನಗು ಕಡಿಮೆಯೇ.

ಶೀನ ಮತ್ತು ಮಹಾಬಲ ಇಬ್ಬರೂ ಫಿರೋಜ್ ಸರ್ ಹತ್ತಿರ ಕಲಿತವರು. ಚಿಕ್ಕಂದಿನಿಂದ ಉಸಿರು ಕಟ್ಟಿ ಮುಳುಗಿ ಬಂಡೆಯ ಚಿಪ್ಪು ಕೀಳುತ್ತಿದ್ದವರಿಗೆ ಬೆನ್ನಿಗೊಂದು ಗಾಳಿಯ ಸಿಲಿಂಡರ್ ಸಿಕ್ಕಿದರೆ ಕೇಳಬೇಕೆ? ಸರ್ ಮಾತ್ರ ಬಿಡುತ್ತಿರಲಿಲ್ಲ. ನೀರಿಗೆ ಇಳಿಯುವ ಮುಂಚೆ ಇಬ್ಬರೂ ದೋಣಿಯಲ್ಲಿ ಕೂತು, ಎಲ್ಲಿಯವರೆಗೆ ಹೋಗುತ್ತೇವೆ, ಎಲ್ಲಿ ತಿರುಗುತ್ತೇವೆ ಎಂದು ಬಾಯಿಬಿಟ್ಟು ಹೇಳಬೇಕು. ಗಾಳಿಯಲ್ಲಿ ಮೂರರಲ್ಲೊಂದು ಪಾಲು ಮುಗಿದ ಕೂಡಲೇ ಯಾರು ಕೈ ತೋರಿಸಿದರೂ ಇನ್ನೊಬ್ಬ ತಿರುಗಬೇಕು. ತೆರೆದ ಕಡಲಿನಲ್ಲಿ ಏನಾದರೂ ಆದರೆ ತಲೆಯ ಮೇಲೆ ಆಕಾಶವಿದೆ. ಗುಹೆಯಲ್ಲಿ ತಲೆಯ ಮೇಲೆ ಕಲ್ಲು. ಮೇಲೆ ಬರಬೇಕಾದರೆ ಮೊದಲು ಹಿಂದೆ ಬರಬೇಕು. ಇನ್ನೂ ಆಳಕ್ಕೆ ಹೋದರೆ ಎಳೆದುಕೊಳ್ಳುವ ಗಾಳಿಯೇ ಕಳ್ಳಿನಂತೆ ತಲೆಗೇರುತ್ತದೆ. ಹೆದರಿಕೆ ಹೊರಟುಹೋಗುತ್ತದೆ. ಹೋದದ್ದು ಹೋದವನಿಗೆ ತಿಳಿಯುವುದೂ ಇಲ್ಲ.

ಸರ್ ಊರು ಬಿಟ್ಟಾಗ ನನ್ನನ್ನು ಶೀನನ ಕೈಗೆ ಕೊಟ್ಟು ಹೋದರು. ಅವರು ಹೋದ ಮೇಲೆ ಇಬ್ಬರೂ ಹಳೆಯ ರೂಢಿಗೇ ಬಿದ್ದರು. ಕಡಲಿಗೆ ಹೊರಟಾಗ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂದು ಕೇಳುವುದು ಹೇಗೆ? ಅಜ್ಜಂದಿರು ಕೇಳಿದವರಲ್ಲ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ಗೊತ್ತು ಎಂಬ ಧೈರ್ಯ ಬೇರೆ.

ಕತ್ತಲೆ ಪಾರೆ ಎಂಬ ಕಡಲಬಂಡೆಯ ಅಡಿಯ ಗುಹೆಗೆ ಹೋದ ದಿನವೂ ಹಾಗೆಯೇ. ಒಳಗೆ ಅಂಗಳದಂಥ ಒಂದು ಜಾಗ, ಅದರಾಚೆ ಬಾವಿಯಂತೆ ಇಳಿಯುವ ಗುಂಡಿ. ಮಹಾಬಲನ ಮನಸ್ಸಿನಲ್ಲಿ ತಿರುಗುವ ಜಾಗ ಆ ಅಂಗಳ. ಶೀನನ ಮನಸ್ಸಿನಲ್ಲಿ ಗುಂಡಿಯ ತಳ. ಶೀನ ಮುಂದೆ, ನಾನು ಅವನ ಕೈಯಲ್ಲಿ. ಮಹಾಬಲ ಹುರಿ ಹಿಡಿದು ಹಿಂದೆ. ಅಂಗಳದಲ್ಲಿ ಮಹಾಬಲ ನಿಂತ. ಶೀನ ತಿರುಗಿ ನೋಡದೆ ಇಳಿದ.

ಜನರನ್ನು ನಾನು ಅರಿಯುವುದು ಕೈಯಿಂದ. ಗುಂಡಿಯ ಅರ್ಧಕ್ಕೆ ಬರುವಾಗ ಶೀನನ ಕೈ ಸಡಿಲವಾಯಿತು, ಮದುವೆಮನೆಯಲ್ಲಿ ಕುಡಿದವನ ಕೈಯಂತೆ. ಮೇಲಿನಿಂದ ಮಹಾಬಲ ಹುರಿ ಎಳೆದ: ಬಾ, ಬಾ. ಶೀನ ಆಟಕ್ಕೆಂಬಂತೆ ಒಮ್ಮೆ ಎಳೆದು ನಕ್ಕ. ಉಳಿದ ಗಾಳಿಯ ಅಳತೆ ತೋರಿಸುವ ಮುಳ್ಳು ನೋಡಿ ಅದಕ್ಕೂ ನಕ್ಕ. ತಳದಲ್ಲಿ ಕೆಸರೆದ್ದಾಗ ಅವನಿಗೆ ಎಚ್ಚರವಾಯಿತು. ಆಗ ಅವನ ಹಿಡಿತ! ಲೇತಿನ ಬಾಯಿಯೂ ನನ್ನನ್ನು ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ. ದಾರಿ ಅವನ ಕೈಯಲ್ಲೇ ಇತ್ತು. ದಾರಿಗೆ ಬೇಕಾದ ಗಾಳಿ ಇರಲಿಲ್ಲ.

ಮಹಾಬಲ ಆಮೇಲೂ ಎಳೆದ. ಕೊನೆಗೆ ಅವನಲ್ಲಿ ಒಬ್ಬ ಹೊರಗೆ ಹೋಗುವಷ್ಟು ಗಾಳಿ ಮಾತ್ರ ಉಳಿದಿತ್ತು. ಹೋದ. ಅವನು ಹೋದದ್ದು ಸರಿಯೇ. ಅದನ್ನು ಅವನಿಗೆ ಹೇಳಲು ನನಗೆ ಬಾಯಿಲ್ಲ.

ಮರುದಿನ ಬೇರೆ ಊರಿನ ಡೈವರುಗಳು ಹುರಿ ಹಿಡಿದು ಬಂದು, ಶೀನನ ಮುಷ್ಟಿ ಬಿಡಿಸಿ ಅವನನ್ನೂ ನನ್ನನ್ನೂ ಮೇಲೆ ತಂದರು. ನನ್ನನ್ನು ಮಹಾಬಲ ಇಟ್ಟುಕೊಂಡ. ಕಡಲು ಕರೆದುಕೊಂಡಿತು ಎಂದು ಊರು ಹೇಳಿತು. ಕಡಲು ಯಾರನ್ನೂ ಕರೆಯುವುದಿಲ್ಲ ಸ್ವಾಮಿ, ನಾನು ಅದರೊಳಗೆ ಇದ್ದು ಬಂದಿದ್ದೇನೆ. ಮಹಾಬಲ ದಿನವೂ ನನ್ನನ್ನು ತೆಗೆದು ಒರೆಸುತ್ತಿದ್ದ. ಇವತ್ತು ಒಬ್ಬನೇ ಇಳಿಯಲು ಹೊರಟಿದ್ದ. ಶೀನನ ಹೆಂಡತಿ ಗುಲಾಬಿಗೆ ಅದು ಹೇಗೋ ತಿಳಿದು, ಒಣಗಲು ಹರಡಿದ ಸಿಗಡಿಯನ್ನು ಬಿಟ್ಟು ಓಡಿಬಂದಿದ್ದಳು.

"ಪಾರೆಗ್ ಹೋತೆ," ಎಂದ ಮಹಾಬಲ.

"ಅದ್ ಗೊತ್ತಿತ್ತ್. ಒಳ್ಗ್ ಎಲ್ಲಿವರೆಗೆ? ಎಲ್ ತಿರ್ಗ್ತ್ರಿ?"

ಮಹಾಬಲ ಚೀಲದ ಬಾಯಿ ಬಿಗಿದು ಕಟ್ಟಿದ. ತಿರುಗುವ ಜಾಗವನ್ನು ಅವನು ಗೊತ್ತುಮಾಡಿಕೊಂಡೇ ಇರಲಿಲ್ಲ.

"ಅಂವ ಕಡಿಗ್ ಎಂತ ಕಂಡ ಅಂತ ಕಾಣ್ಕ್," ಎಂದ.

ಶೀನ ಕೊನೆಗೆ ಕಂಡದ್ದು ನನಗೆ ಗೊತ್ತು. ಕೆಸರು, ಒಂದು ಗೋಡೆ, ಮತ್ತೆ ಕೆಸರು. ಅಷ್ಟೇ.

"ಕಂಡದ್ನ ಬಂದ್ ಹೇಳುಕೆ ನೀವ್ ಇರ್ಕ್ ಅಲ್ದಾ?" ಎಂದಳು ಗುಲಾಬಿ. "ಇನ್ನೊಬ್ರಿಗೆ ಕಾದ್ಕಂಡ್ ಕೂಕಂಬುಕೆ ನಂಗ್ ಆತಿಲ್ಲ."

ಮಹಾಬಲ ದೋಣಿಯ ಅಂಚಿನಿಂದ ಕೈ ತೆಗೆದ. "ದೋಣಿ ಮೇಲೆ ಎಳಿ ಸುಬ್ಬ," ಎಂದ. ಆಮೇಲೆ ನನ್ನನ್ನು ಚೀಲದಿಂದ ತೆಗೆದು ಅವಳ ಮುಂದೆ ಹಿಡಿದ.

"ನಂಗೆಂತಕ್ಕೆ ಇದ್?"

"ನನ್ ಹತ್ರ ಇಪ್ಪುಕಾಗ."

ಗುಲಾಬಿ ನನ್ನನ್ನು ಹಿಡಿದು ಒಣಸಿಗಡಿಯ ಚಾಪೆಗೆ ಮರಳಿದಳು. ಗಾಳಿಗೆ ಅದರ ಒಂದು ಮೂಲೆ ಎದ್ದು ಪಟಪಟ ಬಡಿಯುತ್ತಿತ್ತು. ಅವಳು ಅತ್ತಿತ್ತ ನೋಡಿ, ಕಲ್ಲು ಕಾಣದೆ, ಆ ಮೂಲೆಯ ಮೇಲೆ ನನ್ನನ್ನೇ ಇಟ್ಟು, ಕಾಗೆ ಓಡಿಸಲು ಕೋಲು ಕೈಗೆತ್ತಿಕೊಂಡಳು.