ಏರಿನಲ್ಲಿ ಕಳಚಿದ ಬೋಗಿ

ಕಣ್ಣಿಗೆ ಏನೋ ಬಿತ್ತು, ಕಲ್ಲಿದ್ದಲ ಚೂರೇ ಇರಬೇಕು, ಉಜ್ಜಬಾರದು, ಉಜ್ಜಿದರೆ ಇನ್ನೂ ಒಳಕ್ಕೆ ಹೋಗುತ್ತದೆ, ರೆಪ್ಪೆಯನ್ನು ಮೇಲಕ್ಕೆತ್ತಿ ಕರವಸ್ತ್ರದ ತುದಿಯಿಂದ ಮೆಲ್ಲಗೆ ತೆಗೆಯಬೇಕು, ಅಪ್ಪ ಹಾಗೆ ತೆಗೆಯುತ್ತಿದ್ದ, ಆಮೇಲೆ ಕಣ್ಣಿಗೊಮ್ಮೆ ಊದುತ್ತಿದ್ದ, ಅವನ ಉಸಿರಿಗೂ ಇದೇ ವಾಸನೆ, ಹೊಗೆ, ಎಣ್ಣೆ, ಬಿಸಿ ಕಬ್ಬಿಣ — ಎದುರಿನ ಸೀಟಿನಲ್ಲಿ ಮಗಳು ನಗುತ್ತಿದ್ದಾಳೆ, ನೋಡಮ್ಮ, ನಿನ್ನ ರೈಲು ನಿನ್ನ ಗುರುತು ಹಿಡೀತು. ನನ್ನ ರೈಲಂತೆ. ಬರುವುದಿಲ್ಲ ಎಂದೆನಲ್ಲ, ಮಂಡಿನೋವು ಎಂದೆ, ತಲೆಸುತ್ತು ಎಂದೆ, ಕೇಳಬೇಕಲ್ಲ ಇವಳು, ಆಸ್ಪತ್ರೆಯಲ್ಲಿ ದಿನವಿಡೀ ರಕ್ತ ತೆಗೆಯುವ ಕೆಲಸ, ಬೇಡ ಬೇಡ ಎನ್ನುವವರ ತೋಳನ್ನು ಹೇಗೆ ಚಾಚಿಸಬೇಕೆಂದು ಇವಳಿಗೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ಹುಲ್ಲು ಬೆಳೆದು ಮಲಗಿದ್ದ ಹಳಿ, ಈಗ ಯಾರೋ ಉತ್ಸಾಹಿಗಳು ಸೇರಿ ಹಳೆಯ ಎಂಜಿನ್ನಿಗೆ ಹಸಿರು ಬಣ್ಣ ಬಳಿದು ಭಾನುವಾರ ಭಾನುವಾರ ಓಡಿಸುತ್ತಿದ್ದಾರೆ, ಜನ ಫೋಟೋ ತೆಗೆಯುತ್ತ ಕಿಟಕಿಯಿಂದ ಕಿಟಕಿಗೆ ಓಡಾಡುತ್ತಿದ್ದಾರೆ, ಇವರಿಗೆಲ್ಲ ಇದು ಆಟಿಕೆ. ಹಲಗೆಯ ಕೆಳಗಿನಿಂದ ಟಕಟಕ ಟಕಟಕ, ಅಂಗಾಲಿನಿಂದ ಹೊಟ್ಟೆಗೆ ಹತ್ತುತ್ತಿದೆ, ಇನ್ನೂ ಬಯಲು, ಏರು ಬಂದಿಲ್ಲ, ಬಂದಿಲ್ಲ, ಮೊದಲು ಕಲ್ಲುಗಣಿ ಬರಬೇಕು, ಆಮೇಲೆ ಗೇಟು, ಆಮೇಲೆ ಏರು.

ಒಂದು ಕಾಲಕ್ಕೆ ಇದರಷ್ಟು ಇಷ್ಟವಾದದ್ದು ಬೇರೆ ಇರಲಿಲ್ಲ. ಅಪ್ಪ ಸ್ಟೇಷನ್ನಿನ ಪಂಪಿನವನು, ಎಂಜಿನ್ನುಗಳಿಗೆ ನೀರು ತುಂಬುವ ದೊಡ್ಡ ಟ್ಯಾಂಕು ಅವನ ವಶ, ದಿನಕ್ಕೆ ಮೂರೇ ಗಾಡಿ, ಆದರೂ ಅವನ ಗತ್ತು ನೋಡಿದರೆ ಇಡೀ ರೈಲ್ವೆಗೆ ಅವನೇ ನೀರು ಕುಡಿಸುತ್ತಿದ್ದಾನೆ ಅನ್ನಿಸಬೇಕು. ನಾನು ಟ್ಯಾಂಕಿನ ನೆರಳಿನಲ್ಲಿ ಕೂತು ಕಾಯುತ್ತಿದ್ದೆ, ಡ್ರೈವರ್ ನನ್ನನ್ನು ಎತ್ತಿ ಹಿಂದಿನ ಬೋಗಿಗೆ ಹತ್ತಿಸುತ್ತಿದ್ದ, ಮುಂದಿನ ಸ್ಟೇಷನ್ನಿನಲ್ಲಿ ಅತ್ತೆ ಇಳಿಸಿಕೊಳ್ಳುತ್ತಿದ್ದಳು, ನನ್ನ ಮುಖವೆಲ್ಲ ಮಸಿ, ಹಲ್ಲು ಮಾತ್ರ ಬಿಳಿ. ಹೆದರಿಕೆ ಅನ್ನುವುದನ್ನು ಹಚ್ಚಿದವನೂ ಅಪ್ಪನೇ. ಒಂದು ಸಂಜೆ ಪಂಪಿನ ಮನೆಯ ಬಾಗಿಲಲ್ಲಿ ಕೂತು ಹೇಳಿದ, ಏರಿನಲ್ಲಿ ಕೊಂಡಿ ಕಳಚಿ ನಾಲ್ಕು ವ್ಯಾಗನ್ ಹಿಂದಕ್ಕೆ ಜಾರಿದ್ದನ್ನು, ಕೆಳಗೆ ನಿಂತಿದ್ದ ಗಾಡಿಗೆ ಅವು ಬಡಿದದ್ದನ್ನು, ಹಳಿ ಬದಲಿಸುವ ಪಾಯಿಂಟ್ಸಿನವನನ್ನು ಅವುಗಳ ಅಡಿಯಲ್ಲಿ ಹುಡುಕಿದ್ದನ್ನು. ರೈಲು ಮುಂದೆ ಹೋಗುವಾಗ ಡ್ರೈವರ್ ಮಾತು ಕೇಳತ್ತೆ ಮಗಳೇ, ಹಿಂದಕ್ಕೆ ಜಾರಿದರೆ ಅದು ಯಾರ ಮಾತೂ ಕೇಳೋದಿಲ್ಲ. ಅಷ್ಟು ಹೇಳಿ ಬೀಡಿ ಹಚ್ಚಿದ. ಅವನು ಮರೆತ, ನಾನು ಮರೆಯಲಿಲ್ಲ.

ಮಗಳು ಪಕ್ಕದ ಕನ್ನಡಕದ ಮೇಷ್ಟ್ರಿಗೆ ಹೇಳುತ್ತಿದ್ದಾಳೆ, ಶುರುವಾಯಿತು, ನಮ್ಮಮ್ಮ ಇದೇ ಲೈನಿನಲ್ಲಿ ರೈಲಿಂದ ಬಿದ್ದು ಬದುಕಿದವಳು ಸಾರ್, ನನಗಾಗ ನಾಲ್ಕು ವರ್ಷ. ಮೇಷ್ಟ್ರು ಹೌದಾ ಎಂದು ನನ್ನ ಕಡೆ ತಿರುಗಿದರು, ನಾನು ನಕ್ಕೆ. ಮದುವೆಮನೆಗಳಲ್ಲಿ, ಆಸ್ಪತ್ರೆಯ ಕ್ಯಾಂಟೀನಿನಲ್ಲಿ, ಅಳಿಯನ ಸ್ನೇಹಿತರ ಮುಂದೆ, ಎಷ್ಟು ಸಲ ಹೇಳಿದ್ದಾಳೋ, ಹೇಳುವಾಗ ಇವಳ ದನಿಯಲ್ಲೊಂದು ಹೆಮ್ಮೆ, ಅದನ್ನು ಕೇಳಿದಾಗಲೆಲ್ಲ ನನ್ನ ಬೆನ್ನಹುರಿಯಲ್ಲಿ ನೀರು ಇಳಿಯುತ್ತದೆ. ಬಿದ್ದವಳು. ಆಗ ಇವಳನ್ನು ಗುಂಡಿ ಎಂದು ಕರೆಯುತ್ತಿದ್ದೆವು, ನಾನು ಮನೆಯಲ್ಲೇ ಅಂಗಿಗಳಿಗೆ ಕಾಜಾ ಗುಂಡಿ ಹಾಕಿಕೊಡುತ್ತಿದ್ದೆ, ತೆವಳುವ ಕೂಸು ಒಂದು ಗುಂಡಿ ನುಂಗಿಬಿಟ್ಟಿತು, ಮೂರನೆಯ ದಿನ ಗುಂಡಿಯೇನೋ ಹೊರಬಂತು, ಹೆಸರು ಉಳಿದುಕೊಂಡಿತು. ಗುಂಡಿಯನ್ನು ಕರೆದುಕೊಂಡು ಅಪ್ಪನನ್ನು ನೋಡಲು ಹೊರಟಿದ್ದೆ, ಮಧ್ಯಾಹ್ನದ ಗಾಡಿ, ಎಂಜಿನ್ನಿನ ಹಿಂದೆ ಕಲ್ಲು ತುಂಬಿದ ವ್ಯಾಗನ್ನುಗಳು, ಕೊನೆಯಲ್ಲಿ ಎರಡು ಬೋಗಿ, ಅದರ ಬಾಲಕ್ಕೆ ಗಾರ್ಡಿನ ಡಬ್ಬಿ — ಇಕೋ, ಕಲ್ಲುಗಣಿ ಹೋಯಿತು. ಯಾಕೆ ಇಷ್ಟು ಬೇಗ. ಗೇಟೂ ಹೋಯಿತು, ಒಬ್ಬ ಸೈಕಲ್ಲಿನವನು ಕೈ ಬೀಸಿದ. ಎಂಜಿನ್ನಿನ ಸದ್ದು ಬದಲಾಯಿತು, ಯಾರಿಗೂ ಗೊತ್ತಾಗಲಿಲ್ಲ, ನನಗೆ ಗೊತ್ತು, ಉಸಿರು ದಪ್ಪವಾಯಿತು, ಹುಂ... ಹುಂ... ಒಂದೊಂದು ಹುಂಕಾರದ ನಡುವೆ ಒಬ್ಬ ಮನುಷ್ಯ ಸಾಯುವಷ್ಟು ಸಮಯ.

ಅವತ್ತೂ ಹೀಗೇ ಏದುತ್ತಿತ್ತು. ಎದುರಿಗೆ ಕೋಳಿಮೊಟ್ಟೆಯ ಬುಟ್ಟಿ ಇಟ್ಟುಕೊಂಡ ಹೆಂಗಸು, ಹುಲ್ಲಿನ ಮೆತ್ತೆ, ಪ್ರತಿ ಕುಲುಕಿಗೂ ಬುಟ್ಟಿಯನ್ನು ಹಸುಗೂಸಿನಂತೆ ತಬ್ಬಿಕೊಳ್ಳುತ್ತಿದ್ದಳು. ಗುಂಡಿ ಕಿಟಕಿಯ ಗಾಜಿಗೆ ಮೂಗು ಒತ್ತಿ ಕೂತಿದ್ದಾಳೆ. ಟಣ್ ಎಂದು ಒಂದು ಸದ್ದು, ದೊಡ್ಡದೇನಲ್ಲ, ಅಡುಗೆಮನೆಯಲ್ಲಿ ಮುಚ್ಚಳ ಬಿದ್ದಷ್ಟೇ, ಆಮೇಲೆ ಎಂಜಿನ್ನಿನ ಸದ್ದು ದೂರ ಹೋಯಿತು, ದೂರ, ಇನ್ನೂ ದೂರ, ನಾವು ನಿಂತೆವು, ಒಂದು ಗಳಿಗೆ ಹಕ್ಕಿಗಳ ದನಿ ಕೇಳಿಸಿತು. ಆಮೇಲೆ ಹೊರಗಿನ ತಂತಿಕಂಬ ತಪ್ಪು ದಿಕ್ಕಿಗೆ ಸರಿಯಿತು. ಹಿಂದಿನಿಂದ ಗಾರ್ಡ್ ಕೂಗುತ್ತಿದ್ದಾನೆ, ಯಾರೂ ಇಳೀಬೇಡಿ, ಕೂತ್ಕೊಳ್ಳಿ, ಬ್ರೇಕಿನ ಚಕ್ರ ತಿರುಗಿಸ್ತಾ ಇದೀನಿ, ಬೋಗಿಯಲ್ಲಿ ಎಲ್ಲರೂ ಕೂತೇ ಇದ್ದರು, ಮೊಟ್ಟೆಯವಳು ಬುಟ್ಟಿಯ ಮೇಲೆ ಬಗ್ಗಿದ್ದಳು, ನನ್ನ ಕಿವಿಯಲ್ಲಿ ಮಾತ್ರ ಅಪ್ಪ, ಯಾರ ಮಾತೂ ಕೇಳೋದಿಲ್ಲ, ಯಾರ ಮಾತೂ — ನಾನು ಎದ್ದೆ. ಬಾಗಿಲಿಗೆ ಮೂರು ಹೆಜ್ಜೆ. ಮೂರು ಹೆಜ್ಜೆಯಲ್ಲಿ ಒಂದರಲ್ಲಾದರೂ ಕೈ ಹಿಂದಕ್ಕೆ ಚಾಚಬಹುದಿತ್ತು, ಮಗು ಅಷ್ಟು ಹತ್ತಿರವಿತ್ತು, ಎತ್ತಿಕೊಂಡರೆ ಭಾರವೂ ಇರಲಿಲ್ಲ. ಚಾಚಲಿಲ್ಲ. ಕುಲುಕಾಡಿ ಬಿದ್ದೆನೇ, ಇಲ್ಲ, ಯಾರಾದರೂ ತಳ್ಳಿದರೇ, ಇಲ್ಲ, ಹಿಡಿಕೆ ಹಿಡಿದು, ಕಾಲಿಡುವ ಜಾಗ ನೋಡಿಕೊಂಡು, ಹಾರಿದೆ. ಜಲ್ಲಿಯ ಮೇಲೆ ಬಿದ್ದು ಮಣಿಕಟ್ಟು ಮುರಿಯಿತು, ತಲೆಯೆತ್ತಿದಾಗ ಬೋಗಿ ನನ್ನ ಪಕ್ಕದಲ್ಲೇ ಹಿಂದಕ್ಕೆ ಜಾರುತ್ತಿತ್ತು, ಕಿಟಕಿಯಲ್ಲಿ ಗುಂಡಿ, ಅಳುತ್ತಿರಲಿಲ್ಲ, ಬಾಯಿ ಮುಚ್ಚಿತ್ತು, ಎರಡೂ ಅಂಗೈ ಗಾಜಿಗೆ ಒತ್ತಿ ಬೆಳ್ಳಗಾಗಿದ್ದವು.

ಓಡಿದೆ, ಆಗ ಓಡಿದೆ, ಕೈ ನೇತಾಡುತ್ತಿತ್ತು, ಹಳಿಯಡಿಯ ಸ್ಲೀಪರ್ ದಿಮ್ಮಿಯಿಂದ ದಿಮ್ಮಿಗೆ ಎಡವುತ್ತ, ಬೋಗಿ ತಿರುವಿನಲ್ಲಿ ಮಾಯವಾಯಿತು, ಕೆಳಗೆ ಸ್ಟೇಷನ್ನಿನಲ್ಲಿ ಗಾಡಿ ನಿಂತಿರುತ್ತದೆ, ಸದ್ದು ಈಗ ಕೇಳಿಸುತ್ತದೆ, ಈಗ, ಈ ಹೆಜ್ಜೆಗೆ, ಮುಂದಿನ ಹೆಜ್ಜೆಗೆ. ಕೇಳಿಸಲಿಲ್ಲ. ಒಂದೂವರೆ ಮೈಲು ಹೋದ ಮೇಲೆ ಕಂಡಿತು, ಗೇಟಿನ ಹತ್ತಿರ ಬಯಲಿನಲ್ಲಿ ಬೋಗಿಗಳು ಸುಮ್ಮನೆ ನಿಂತಿದ್ದವು, ಗಾರ್ಡ್ ಮೆಟ್ಟಿಲ ಮೇಲೆ ಕೂತು ಬೊಬ್ಬೆ ಬಂದ ಅಂಗೈಗೆ ನೀರು ಹಾಕಿಸಿಕೊಳ್ಳುತ್ತಿದ್ದ. ಯಾರಿಗೂ ಏನೂ ಆಗಿರಲಿಲ್ಲ, ಐದಾರು ಮೊಟ್ಟೆ ಒಡೆದಿದ್ದವು ಅಷ್ಟೆ. ಗುಂಡಿ ಮೊಟ್ಟೆಯವಳ ತೊಡೆಯ ಮೇಲಿದ್ದಳು. ಆ ಹೆಂಗಸು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು, ಅವಳಿಗೆ ಗೊತ್ತಿತ್ತು, ಮೂರೂ ಹೆಜ್ಜೆ ನೋಡಿದ್ದಳು. ಗಾರ್ಡ್ ನನ್ನ ಕೈ ನೋಡಿ ಹೇಗಾಯ್ತು ಎಂದು ಕೇಳಿದ, ನಾನು ಬಾಯಿ ತೆರೆಯುವ ಮೊದಲೇ ಅವಳು, ಬಿದ್ದುಬಿಟ್ಟಳು ಪಾಪ, ಎಂದಳು. ಅವನು ಪುಸ್ತಕದಲ್ಲಿ ಬರೆದುಕೊಂಡ. ಅಲ್ಲಿಂದ ಅದೇ ನಿಜ. ಗಂಡನಿಗೂ ಅದೇ, ಅಪ್ಪನಿಗೂ ಅದೇ, ಸಾಯುವವರೆಗೆ ಅಪ್ಪ ಆ ಗಾರ್ಡನನ್ನು ಬೈಯುತ್ತಲೇ ಇದ್ದ. ನಾಲ್ಕು ವರ್ಷದ ಮಗುವಿಗೆ ಏನು ನೆನಪಿರುತ್ತದೆ ಎಂದು ನಾನು ನನಗೇ ಹೇಳಿಕೊಂಡೆ, ಪ್ರತಿ ವರ್ಷ ಹೇಳಿಕೊಂಡೆ, ಅವಳು ಬೆಳೆದಂತೆಲ್ಲ ಅವಳ ಕಣ್ಣನ್ನು ಓರೆಯಾಗಿ ಪರೀಕ್ಷಿಸಿದೆ, ಬೈದಾಗ, ಮದುವೆಯ ದಿನ, ಅವಳ ಹೆರಿಗೆಯ ವಾರ್ಡಿನಲ್ಲಿ ಕೂಡ.

ಕೂತ್ಕೋ ಅಮ್ಮ. ಮಗಳ ದನಿ. ಯಾಕೆ ಕೂತ್ಕೋ ಅನ್ನುತ್ತಾಳೆ, ಕೂತೇ ಇದ್ದೇನಲ್ಲ — ಇಲ್ಲ, ನಿಂತಿದ್ದೇನೆ, ಬಾಗಿಲಿನ ಹಿಡಿಕೆ ನನ್ನ ಕೈಯಲ್ಲಿದೆ, ತಣ್ಣಗಿದೆ, ಯಾವಾಗ ಎದ್ದೆ, ಹಳಿಯ ಪಕ್ಕದ ಜಲ್ಲಿ ನಿಧಾನವಾಗಿ ಸರಿಯುತ್ತಿದೆ, ಮುಂದಕ್ಕೋ ಹಿಂದಕ್ಕೋ ತಿಳಿಯುತ್ತಿಲ್ಲ. ಮೇಷ್ಟ್ರು ಆಚೆ ಬೋಗಿಗೆ ಹೋಗಿದ್ದಾರೆ. ಮಗಳು ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಹಿಡಿಕೆಯಿಂದ ಬಿಡಿಸಿದಳು, ಸೂಜಿಗೆ ಹೆದರುವವರ ಮುಷ್ಟಿ ಬಿಡಿಸುವ ಹಾಗೆ.

ಅವತ್ತೂ ನೀನು ಹೀಗೇ ಎದ್ದೆ, ಎಂದಳು.

ಎಂಜಿನ್ನು ಎರಡು ಸಲ ಉಸಿರೆಳೆಯಿತು. ನಾನು ಬೀಳಲಿಲ್ಲ ಗುಂಡಿ, ಎಂದೆ, ಎಷ್ಟೋ ವರ್ಷದ ಮೇಲೆ ಆ ಹೆಸರು, ನಿನ್ನನ್ನ ಬಿಟ್ಟು ಹಾರಿದೆ.

ಗೊತ್ತು. ಆಮೇಲೆ ಓಡಿಬಂದೆ, ಅದೂ ಗೊತ್ತು. ನೀನು ಬಿದ್ದೆ ಅಂತಿದ್ದೆಯಲ್ಲ, ಅದಕ್ಕೆ ನಾನೂ ಹಾಗೇ ಹೇಳ್ಕೊಂಡು ಬಂದೆ.

ಅವತ್ತು ಮುರಿದಿದ್ದ ನನ್ನ ಮಣಿಕಟ್ಟನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ಏರು ಮುಗಿಯಿತು, ಎಂಜಿನ್ನು ಹಗುರಾಯಿತು, ಆಚೆ ಬೋಗಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಮುಗಿಯಿತಲ್ಲ, ಹೆದರಿಕೆಯೂ ಇಳಿಯಬೇಕಿತ್ತು, ಇಳಿಯಲಿಲ್ಲ, ಇನ್ನೂ ಹತ್ತುತ್ತಿದೆ, ಯಾಕೆಂದರೆ ಇಷ್ಟು ವರ್ಷ ಆ ಕಿಟಕಿಯಲ್ಲಿ ಏನೂ ತಿಳಿಯದ ಒಂದು ಮಗುವನ್ನು ಕೂರಿಸಿಟ್ಟಿದ್ದೆ, ಈಗ ಅದಕ್ಕೆ ತಿಳಿದಿದೆ, ಆಗಲೂ ತಿಳಿದಿತ್ತು, ಬಾಯಿ ಮುಚ್ಚಿಕೊಂಡು, ನನ್ನನ್ನೇ ನೋಡುತ್ತ, ಗಾಜಿಗೆ ಒತ್ತಿದ ಎರಡು ಅಂಗೈ, ಬೆಳ್ಳಗೆ, ಎರಡು ಅಂಗೈ